ಉಳಿದ ಮೂರು ಸಾಲು

ಕಳೆದ ಶನಿವಾರ ಸಂಜೆ ನೀವೆಲ್ಲ ಸೇರಿ ಶಾಲು ಹೊದಿಸಿ, ಹಾರ ಹಾಕಿ, ನನ್ನ ವಕೀಲಿಕೆಗೆ 25 ವರ್ಷ ತುಂಬಿತೆಂದು ಸಂಭ್ರಮಪಟ್ಟಿರಿ. ಮಾತನಾಡಲು ನಿಂತ ನನಗೆ ನಾಲ್ಕನೆಯ ವಾಕ್ಯಕ್ಕೇ ಗಂಟಲು ಕಟ್ಟಿತು. ಪ್ರಯಾಣದ ದಣಿವು ಇರಬೇಕೆಂದು ನೀರು ಕೊಟ್ಟು ಕೂರಿಸಿದಿರಿ. ಆಮೇಲೆ ನಾನು ವೇದಿಕೆಯಿಂದ ಇಳಿದು ಹೋಗಿ, ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ ಬಿಳಿ ಧೋತರ, ಬಿಳಿ ಟೋಪಿಯ ಹಿರಿಯರ ಕಾಲಿಗೆ ಎರಗಿದೆ. ಅವರು ಯಾರು, ಸಂಬಂಧಿಕರೇ, ಮಾಸ್ತರರೇ ಎಂದು ಮರುದಿನದಿಂದ ಎಷ್ಟೋ ಜನ ಕೇಳಿದ್ದೀರಿ. ಅಂದು ಗಂಟಲಲ್ಲೇ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಮೊದಲು ಉಳಿದವರ ಋಣ. ಕಲಬುರಗಿಯಲ್ಲಿ ಔಷಧ ವಿಜ್ಞಾನ ಕಲಿಸಿದ ಗುರುಗಳು, ಕಾನೂನು ಕಾಲೇಜಿನ ದಿನಗಳಲ್ಲಿ ಟಿಪ್ಪಣಿ ಹಂಚಿಕೊಂಡ ಗೆಳತಿಯರು, ಚೆನ್ನೈನಲ್ಲಿ ಬಾಡಿಗೆ ತಡವಾದಾಗಲೂ ಊಟ ಆಯಿತೇ ಎಂದೇ ಮಾತು ಶುರು ಮಾಡುತ್ತಿದ್ದ ಮನೆಯೊಡತಿ, ನನ್ನ ಕರಡುಗಳನ್ನು ನನಗಿಂತ ಹೆಚ್ಚು ಸಲ ಓದಿದ ಕಿರಿಯ ವಕೀಲರು, ತಿಂಗಳಿಗೆ ಇಪ್ಪತ್ತು ದಿನ ನಾನಿಲ್ಲದ ಮನೆಯನ್ನು ಮನೆಯಾಗಿಯೇ ಉಳಿಸಿದ ಪತಿ ಮತ್ತು ಮಗ, ಊರಿನಲ್ಲಿ ಅಪ್ಪನನ್ನು ನೋಡಿಕೊಂಡ ತಂಗಿ, ಎಲ್ಲರಿಗೂ ನಾನು ಋಣಿ. ಒಬ್ಬೊಬ್ಬರಿಗೂ ಒಂದೊಂದು ಪುಟ ಸಲ್ಲಬೇಕು. ಒಂದೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಕ್ಷಮೆ ಇರಲಿ.

ನಾನು 2000ದಲ್ಲಿ ಸನ್ನದು ಪಡೆದಾಗ ನಮ್ಮ ಜಿಲ್ಲೆಯಲ್ಲಿ ಹೈಕೋರ್ಟಿನ ಪೀಠವೇ ಇರಲಿಲ್ಲ. ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಜಮೀನು, ಪಾಲು, ಜಾಮೀನು, ಇವು ವಕೀಲರ ಕೆಲಸ. ಔಷಧದ ಪೇಟೆಂಟ್ ವ್ಯಾಜ್ಯವನ್ನೇ ಬದುಕಾಗಿ ಮಾಡಿಕೊಳ್ಳುತ್ತೇನೆ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಗ ಅಂಥ ಬದುಕು ಇರಲೂ ಇಲ್ಲ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ನಮ್ಮಲ್ಲಿ ಔಷಧಕ್ಕೆ ಪೇಟೆಂಟ್ ಸಿಗುತ್ತಿರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಸಿಗುತ್ತಿತ್ತು. ಒಂದೇ ಮಾತ್ರೆಯನ್ನು ಬೇರೆ ದಾರಿಯಲ್ಲಿ ತಯಾರಿಸಿ ಮಾರಲು ಅಡ್ಡಿಯಿರಲಿಲ್ಲ. 2005ರ ಜನವರಿ 1ರಿಂದ ಅದು ಬದಲಾಯಿತು. ಔಷಧದ ಮೇಲೆಯೇ 20 ವರ್ಷದ ಏಕಸ್ವಾಮ್ಯದ ಹಕ್ಕು. ಆ ಬದಲಾವಣೆ ಬರುತ್ತದೆ, ರಸಾಯನಶಾಸ್ತ್ರ ಬಲ್ಲ ವಕೀಲರು ಬೇಕಾಗುತ್ತಾರೆ ಎಂದು ಮೊದಲೇ ಕಂಡ ನನ್ನ ಚೆನ್ನೈನ ಹಿರಿಯ ವಕೀಲರು 2003ರಲ್ಲಿ ನನ್ನನ್ನು ಕರೆಸಿಕೊಂಡರು. ಇಂಗ್ಲಿಷ್ ತಡವರಿಸುತ್ತಿದ್ದ ನನಗೆ ಅವರು ಹೇಳಿದ್ದು ಇಷ್ಟು: ಭಾಷೆ ನಾನು ತಿದ್ದುತ್ತೇನೆ, ಅಣುವಿನ ರಚನೆಯಲ್ಲಿ ನೀನು ತಪ್ಪಬೇಡ. ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಯ ಮೆಟ್ಟಿಲನ್ನು ಮೊದಲು ಹತ್ತಿಸಿದವರು ಅವರೇ.

ಆ ಓದಿಗೆ ದಾರಿ ಮಾಡಿದ್ದು ಅಪ್ಪನ ತೊಗರಿ. ಚಿತ್ತಾಪುರ ತಾಲ್ಲೂಕಿನ ಕರಿಮಣ್ಣಿನ ಹೊಲ, ಮಳೆಯನ್ನೇ ನಂಬಿದ ಬೆಳೆ. ನಾನು ಔಷಧ ವಿಜ್ಞಾನಕ್ಕೆ ಸೇರಿದ ವರ್ಷ ನೆಟೆ ರೋಗ ಬಿದ್ದು ಅರ್ಧ ಹೊಲ ನಿಂತಲ್ಲೇ ಒಣಗಿತ್ತು. ಉಳಿದರ್ಧವನ್ನು ರಾಶಿ ಮಾಡಿದ ದಿನವೇ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಒಯ್ದು ಮಾರಿ ಶುಲ್ಕ ಕಟ್ಟಿದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ, ಆ ನೋಂದಣಿ ಕಚೇರಿಯೂ ಗಿಂಡಿಯ ಅದೇ ಆವರಣದಲ್ಲಿರುವುದರಿಂದ, ಅಂದು ಸಂಜೆ ಅಲ್ಲಿಂದ ಹೊರಬರುವಾಗ ಅಪ್ಪನಿಗೆ ಫೋನ್ ಮಾಡಬೇಕೆಂದು ಕೈ ತಾನಾಗಿ ಮೊಬೈಲಿಗೆ ಹೋಯಿತು. ಫೋನ್ ಎತ್ತಲು ಅಪ್ಪ ಇರಲಿಲ್ಲ.

ನನ್ನ ಕೆಲಸ ಏನೆಂದು ಈಗಲೂ ಕೇಳುತ್ತೀರಿ. ಸಕ್ಕರೆ ಮತ್ತು ಕಲ್ಲುಸಕ್ಕರೆ ಎಂದು ಹೇಳುತ್ತೇನೆ. ವಸ್ತು ಒಂದೇ, ಹರಳಿನ ಗಾತ್ರ ಬೇರೆ. ಔಷಧದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಅದೇ ಅಣು ಒಳಗಿನ ಜೋಡಣೆಯನ್ನೇ ಬದಲಿಸಿಕೊಂಡು ಹಲವು ಬಗೆಯ ಹರಳಾಗಿ ಕಟ್ಟಬಹುದು. ಮೊದಲ ಪೇಟೆಂಟಿನ ಅವಧಿ ತೀರುವ ಹೊತ್ತಿಗೆ ಹೊಸ ಹರಳಿನ ಹೆಸರಿನಲ್ಲಿ ಇನ್ನೊಂದು ಅರ್ಜಿ ಬರುತ್ತದೆ. ಆಗ ಎರಡು ಪ್ರಶ್ನೆ ಏಳುತ್ತವೆ. ಇದು ನಿಜವಾಗಿ ಹೊಸದೇ, ಅಥವಾ ಹಳೆಯ ದಾಖಲೆಯಲ್ಲಿ ಆಗಲೇ ಇದೆಯೇ? ಹೊಸದೇ ಆದರೂ, ರೋಗ ಗುಣಪಡಿಸುವ ಶಕ್ತಿ ಇದರಲ್ಲಿ ಹೆಚ್ಚಿದೆಯೇ? ಎರಡನೆಯದನ್ನು ಕೇಳುವುದು ನಮ್ಮ ಕಾಯ್ದೆಯ 3(ಡಿ) ಕಲಮು. ರಕ್ತದ ಕ್ಯಾನ್ಸರಿನ ಇಮ್ಯಾಟಿನಿಬ್ ಔಷಧದ ಒಂದು ಹರಳು ರೂಪಕ್ಕಾಗಿ ನೊವಾರ್ಟಿಸ್ ಕಂಪನಿ 1998ರಲ್ಲಿ ಚೆನ್ನೈನಲ್ಲಿ ಹಾಕಿದ ಅರ್ಜಿ 2006ರಲ್ಲಿ ತಿರಸ್ಕೃತವಾಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದೇ ಕಲಮನ್ನು ಮುಂದಿಟ್ಟು ಆ ತಿರಸ್ಕಾರವನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ನಾನು ಒಂದೇ ಕೂರಿನಲ್ಲಿ ಓದಿದೆ. ಅದಕ್ಕೆ ಒಂದು ವರ್ಷ ಮೊದಲು, 2012ರ ಮಾರ್ಚಿನಲ್ಲಿ, ಇನ್ನೊಂದು ಕ್ಯಾನ್ಸರ್ ಔಷಧವಾದ ಸೊರಾಫೆನಿಬ್‌ಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಅದನ್ನು ತಯಾರಿಸಲು ಅನುಮತಿ, ಕೊಟ್ಟಾಗ ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದ ಔಷಧ 9 ಸಾವಿರದೊಳಗೆ ಇಳಿದಿತ್ತು. ನಾನು ಎರಡೂ ಕಡೆ ವಾದಿಸಿದ್ದೇನೆ. ಹತ್ತು ವರ್ಷ ಪ್ರಯೋಗಾಲಯದಲ್ಲಿ ಕಳೆದು ಹೊಸ ಅಣು ಕಟ್ಟಿದವರಿಗೆ ಹಕ್ಕು ಸಿಗಲೇಬೇಕು ಎಂದು ಮನಸಾರೆ ನಂಬಿ ಹೋರಾಡಿದ್ದೇನೆ. ಹಳೆಯದನ್ನೇ ಹೊಸ ಡಬ್ಬಿಗೆ ತುಂಬಿ ತಂದಾಗ ಅಷ್ಟೇ ಮನಸಾರೆ ವಿರೋಧಿಸಿದ್ದೇನೆ. 2018ರ ಏಪ್ರಿಲ್ ತಿಂಗಳ ಆ ರಾತ್ರಿ ನನ್ನ ತೊಡೆಯ ಮೇಲೆ ಇದ್ದದ್ದು ಎರಡನೆಯ ಬಗೆಯ ಪ್ರಕರಣ.

ಹೊಸ ಹರಳಿನ ಹೆಸರಿನಲ್ಲಿ ಬಂದ ಅರ್ಜಿಯೊಂದನ್ನು ವಿರೋಧಿಸುವ ಪ್ರಕರಣ ಅದು, ವಿವರ ನಿಮಗೆ ಗೊತ್ತಿದೆ. ಅಪ್ಪ ತೀವ್ರ ನಿಗಾ ಘಟಕದಲ್ಲಿದ್ದದ್ದೂ ಗೊತ್ತಿದೆ. ಎರಡೂ ಒಂದೇ ವಾರ ಬಂದವು. ವಿಚಾರಣೆ ಮುಗಿದ 15 ದಿನದೊಳಗೆ ಲಿಖಿತ ವಾದ ಸಲ್ಲಿಸಬೇಕು. ಮರುದಿನ ಹದಿನೈದನೆಯ ದಿನ. ಬೆಳಗ್ಗೆ ಏಳಕ್ಕೆ ಅಪ್ಪನನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವವರಿದ್ದರು, ಆಮೇಲೆ ಏನಾಗುತ್ತದೋ ತಿಳಿಯದು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗ ಚೆನ್ನೈನಲ್ಲಿ ಜ್ವರದಿಂದ ಮಲಗಿದ್ದ. ಹಾಗಾಗಿ ಕಲಬುರಗಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ, ರಾತ್ರಿ ಹನ್ನೊಂದಕ್ಕೂ ಗೋಡೆಗಳು ಕಾವು ಉಗುಳುತ್ತಿದ್ದ ಹೊತ್ತಿನಲ್ಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಇದ್ದದ್ದು ಒಂದೇ ಪ್ಲಗ್. ಅದರಲ್ಲಿ ಒಂದು ಹಳೆಯ ಫೋನ್ ಚಾರ್ಜ್ ಆಗುತ್ತಿತ್ತು. ಬೆಂಚಿನ ಆಚೆ ತುದಿಯಲ್ಲಿದ್ದ ಹಿರಿಯರು ಕೇಳದೆಯೇ ಎದ್ದು ತಮ್ಮ ಫೋನಿನ ತಂತಿ ಕಿತ್ತು, "ನಿಮ್ಮದನ್ನು ಹಾಕಿಕೊಳ್ಳಿ ತಾಯಿ. ನನಗೆ ಬರಬೇಕಾದ ಕರೆ ಒಂದೇ, ಅದು ಈ ಬಾಗಿಲಿನಿಂದಲೇ ಬರುತ್ತದೆ" ಎಂದರು.

ಒಳಗೆ ಅವರ ಹೆಂಡತಿ ಇದ್ದರು. ಆರನೆಯ ದಿನ. ಆ ಹಿರಿಯರು ಗಂಜಿನ ಒಂದು ದಾಲ್ ಮಿಲ್ಲಿನಲ್ಲಿ 34 ವರ್ಷದಿಂದ ಲೆಕ್ಕ ಬರೆಯುವ ಮುನೀಮರು. ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ನನಗೆ ಅವರು ಕಾಕಾ. ಶನಿವಾರ ಆ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದವರು ಅವರೇ.

ನನ್ನ ವಾದದ ಜೀವ ಒಂದು ಕೋಷ್ಟಕದಲ್ಲಿತ್ತು. ಹರಳಿನ ಮೇಲೆ ಎಕ್ಸ್-ರೇ ಹಾಯಿಸಿದರೆ ಅದು ಕೆಲವು ನಿರ್ದಿಷ್ಟ ಕೋನಗಳಲ್ಲಿ ಮಾತ್ರ ಬಲವಾಗಿ ಚದುರುತ್ತದೆ. ಆ ಕೋನಗಳ ಪಟ್ಟಿ ಹರಳಿನ ಬೆರಳಚ್ಚು ಇದ್ದಂತೆ. ಹಳೆಯ ದಾಖಲೆಯ ಹರಳಿನ ಕೋನಗಳು ಒಂದು ಅಂಕಣದಲ್ಲಿ, ಹೊಸ ಅರ್ಜಿಯ ಹರಳಿನವು ಇನ್ನೊಂದರಲ್ಲಿ, ಒಟ್ಟು 26 ಸಾಲು. ಎರಡೂ ಒಂದೇ ಎಂದು ತೋರಿಸಬೇಕಿತ್ತು. ಅಂಕಿಗಳನ್ನು ನಾನೇ ಟೈಪ್ ಮಾಡಿದ್ದೆ, ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣಿನಿಂದ. ಪರದೆ ಒಮ್ಮೆ, ಕಾಗದ ಒಮ್ಮೆ ನೋಡುತ್ತ, ಸಾಲು ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುತ್ತ ಇದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಒಬ್ಬರೇ ತಾಳೆ ನೋಡಬಾರದು ತಾಯಿ. ಕಣ್ಣು ತನಗೆ ಬೇಕಾದ್ದನ್ನೇ ಓದಿಬಿಡುತ್ತದೆ. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಕೊಡಿ ಇಲ್ಲಿ."

ಅವೆರಡೂ ಪ್ರಕಟಿತ ದಾಖಲೆಗಳು, ಯಾರು ಬೇಕಾದರೂ ಓದಬಹುದಾದವು. ಕಕ್ಷಿದಾರರ ಗುಟ್ಟು ಅವುಗಳಲ್ಲಿ ಏನೂ ಇರಲಿಲ್ಲ. ಕೊಟ್ಟೆ. ಅವರು ಕನ್ನಡಕ ಏರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಕಾಗದಗಳನ್ನು ಮೊಣಕಾಲ ಮೇಲೆ ಜೋಡಿಸಿಕೊಂಡರು. ಒಂದು ಅಂಕಿ ಹಳೆಯದರಿಂದ, ಒಂದು ಹೊಸದರಿಂದ. "ಎಂಟು ಪಾಯಿಂಟ್ ಒಂದು. ಎಂಟು ಪಾಯಿಂಟ್ ಎರಡು." ನಾನು ಪರದೆ ನೋಡಿ ಸರಿ ಎಂದರೆ "ಬರೋಬ್ಬರಿ" ಎಂದು ಒಂದು ಓರೆ ಗೀಟು. ಕಿರ್ದಿ ಪುಸ್ತಕ ಓದುವ ದನಿ ಅದು, ಏರಿಲ್ಲ, ಇಳಿವಿಲ್ಲ. ಮೊದಲ ಸಾಲಿಗೇ ತಲೆಯೆತ್ತಿ, ಎರಡೂ ಒಂದೇ ಅಲ್ಲವಲ್ಲ ಎಂದು ಕೇಳಿದರು. ಅಳೆಯುವ ಯಂತ್ರದಲ್ಲೇ 0.2ರಷ್ಟು ಆಚೀಚೆ ಆಗುತ್ತದೆ, ಅಷ್ಟರೊಳಗಿದ್ದರೆ ಒಂದೇ ಎಂದು ಹಿಡಿಯುತ್ತಾರೆ ಎಂದೆ. "ತಕ್ಕಡಿಗೂ ಅಷ್ಟು ಬಿಡುತ್ತೇವೆ" ಎಂದು ಮುಂದಕ್ಕೆ ಹೋದರು.

ನಡುವೆ ಕರೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಕರೆದದ್ದು ಬೇರೆ ಯಾರನ್ನೋ ಆದರೆ ಒಟ್ಟಿಗೆ ಕೂರುತ್ತಿದ್ದೆವು. ಎರಡು ಗಂಟೆಯ ಸುಮಾರಿಗೆ ಬುತ್ತಿ ಬಿಚ್ಚಿ ಒಂದು ಕಟಿ ರೊಟ್ಟಿ, ಶೇಂಗಾ ಹಿಂಡಿ ನನ್ನ ಕೈಗಿಟ್ಟರು. ತಿನ್ನುವಾಗ ಇದೆಲ್ಲ ಏಕೆ ಎಂದು ಕೇಳಿದರು. ಕಲ್ಲುಸಕ್ಕರೆಯ ಕಥೆ ಹೇಳಿದೆ. ಇದನ್ನು ವಿರೋಧಿಸಲು ದೊಡ್ಡ ಕಂಪನಿಯೇ ಆಗಬೇಕೇ ಎಂದರು. ಇಲ್ಲ ಕಾಕಾ, ಪೇಟೆಂಟ್ ಕೊಡುವ ಮುನ್ನ ಯಾವ ವ್ಯಕ್ತಿಯಾದರೂ ಆಕ್ಷೇಪಣೆ ಸಲ್ಲಿಸಬಹುದು, ಕಾಯ್ದೆಯ 25ನೇ ಕಲಮಿನಲ್ಲಿ ಹಾಗೆಯೇ ಬರೆದಿದೆ ಎಂದೆ. "ಯಾವ ವ್ಯಕ್ತಿಯಾದರೂ" ಎಂದು ಅವರು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು. (2023ರ ಮಾರ್ಚಿನಲ್ಲಿ ಕ್ಷಯರೋಗದಿಂದ ಬದುಕುಳಿದ ನಂದಿತಾ ವೆಂಕಟೇಶನ್ ಮತ್ತು ಫುಮೆಜಾ ಟಿಸಿಲೆ ಎಂಬ ಇಬ್ಬರು ಮಹಿಳೆಯರ ಆಕ್ಷೇಪಣೆಯ ಮೇಲೆ ಬೆಡಾಕ್ವಿಲಿನ್ ಔಷಧದ ಎರಡನೆಯ ಪೇಟೆಂಟ್ ಅರ್ಜಿ ತಿರಸ್ಕೃತವಾದಾಗ ನನಗೆ ಮೊದಲು ನೆನಪಾದದ್ದು ಆ ದನಿ. 2024ರ ನಿಯಮಗಳು ಈ ಆಕ್ಷೇಪಣೆಗೆ ಶುಲ್ಕವನ್ನೂ ಪ್ರಾಥಮಿಕ ಪರಿಶೀಲನೆಯನ್ನೂ ತಂದಾಗ ನನಗಾದ ಸಂಕಟಕ್ಕೂ ಕಾರಣ ಆ ದನಿಯೇ. ಬಾಗಿಲು ಮುಚ್ಚಿಲ್ಲ, ನಿಜ. ಆದರೆ ಹೊಸ್ತಿಲು ಎತ್ತರವಾಗಿದೆ.)

ಹದಿನೇಳನೆಯ ಸಾಲು. "ಇಪ್ಪತ್ತೊಂದು ಪಾಯಿಂಟ್ ಮೂರು. ಇಪ್ಪತ್ತೊಂದು ಪಾಯಿಂಟ್ ನಾಲ್ಕು." ನಾನು ಸರಿ ಎಂದೆ. ಅವರು ಗೀಟು ಹಾಕಲಿಲ್ಲ. "ನೋಡಿ ಹೇಳಿದಿರೋ, ಕೇಳಿ ಹೇಳಿದಿರೋ?" ಎಂದರು. ನೋಡಿದೆ. ಪರದೆಯ ಮೇಲೆ 21.4ರ ಜಾಗದಲ್ಲಿ 21.7 ಇತ್ತು. ವ್ಯತ್ಯಾಸ 0.4. ಅದು ಹಾಗೆಯೇ ಹೋಗಿದ್ದರೆ, ನೀವೇ ಕೊಟ್ಟ ಕೋಷ್ಟಕದ ಪ್ರಕಾರ ಹರಳುಗಳು ಬೇರೆ ಎಂದು ಎದುರು ಪಕ್ಷದವರು ಅದೊಂದೇ ಸಾಲನ್ನು ಹಿಡಿದು ನಿಲ್ಲುತ್ತಿದ್ದರು. ನನ್ನ ಕೈ ನಡುಗಿತು. ತಿದ್ದಿದೆ. ಅವರು ಕಾಗದದ ಅಂಚಿನಲ್ಲಿ ಗೀಟು ಎಳೆದು, "ಮಿಲ್ಲಿನಲ್ಲಿ ಬೇಳೆ ಆರಿಸುವವರು ಕಲ್ಲು ಸಿಕ್ಕರೆ ಹೆದರುವುದಿಲ್ಲ ತಾಯಿ. ಸಿಕ್ಕಿತಲ್ಲ ಎನ್ನುತ್ತಾರೆ" ಎಂದರು. ಮುಂದಿನ ಸಾಲಿಗೆ ಹೋದರು.

ಇಪ್ಪತ್ಮೂರನೆಯ ಸಾಲಿಗೆ ಗೀಟು ಹಾಕಿದಾಗ ನಾಲ್ಕೂಕಾಲು. ಬಾಗಿಲು ತೆರೆದು ಅವರ ಹೆಸರು ಕೂಗಿದರು. ಈ ಸಲ ನಾವು ಒಟ್ಟಿಗೆ ಎದ್ದರೂ ಅವರೊಬ್ಬರೇ ಹೋಗಬೇಕಿತ್ತು. ಹೋಗುವ ಮುನ್ನ ಇಪ್ಪತ್ಮೂರರ ಕೆಳಗೆ ಒಂದು ಉದ್ದ ಗೆರೆ ಎಳೆದು, ಕಾಗದ ನನ್ನ ಕೈಗೆ ಕೊಟ್ಟು, "ಇಲ್ಲಿಯವರೆಗೆ ಆಗಿದೆ. ಮೂರು ಉಳಿದಿವೆ" ಎಂದರು.

ಅವರು ಹಿಂದಿರುಗಿ ಆ ಬೆಂಚಿಗೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಹೆಣ್ಣುಮಕ್ಕಳ ಅಳು ಕೇಳಿಸಿತು. ಮಗಳು ಮತ್ತು ಸೊಸೆ ಇರಬೇಕು.

ಇದನ್ನು ಏಳು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೇಗೆ ಕೇಳಿಸುತ್ತದೆ ಎಂಬ ಭಯ. ಒಬ್ಬ ಮನುಷ್ಯ ತನ್ನ ಹೆಂಡತಿಯ ಕೊನೆಯ ರಾತ್ರಿಯ ಐದು ಗಂಟೆಗಳನ್ನು ನನ್ನ ಅಂಕಿಗಳಿಗೆ ಕೊಟ್ಟ, ನಾನು ತೆಗೆದುಕೊಂಡೆ. ಆ ಹೊತ್ತಿನಲ್ಲಿ ಅವರು ಮನಸ್ಸಿನಲ್ಲೇ ಹೆಂಡತಿಯ ಜೊತೆ ಮಾತನಾಡುತ್ತ ಕೂರಬಹುದಿತ್ತು, ಪ್ರಾರ್ಥಿಸಬಹುದಿತ್ತು, ಸುಮ್ಮನೆ ಅಳಬಹುದಿತ್ತು. ನಾನು ಅವರನ್ನು 21.4 ಓದಲು ಕೂರಿಸಿದೆ. ಅದೇ ಬೆಳಗ್ಗೆ ನನ್ನ ಅಪ್ಪ ಬದುಕಿದ. ಹದಿನಾಲ್ಕು ತಿಂಗಳು ಮನೆಯಲ್ಲಿ, ಮೊಮ್ಮಗನ ಜೊತೆ, ಅಂಗಳದ ಬೇವಿನ ಕೆಳಗೆ ಬದುಕಿದ. ಒಂದೇ ಬೆಂಚು, ಒಂದೇ ಬಾಗಿಲು. ನನಗೆ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಯಾವ ದೇವರ ಮುಂದೆ ನಿಂತರೂ ಈ ಲೆಕ್ಕ ನನಗೆ ತಾಳೆಯಾಗುವುದಿಲ್ಲ.

ಅಪ್ಪ ಚೇತರಿಸಿಕೊಂಡ ಮೇಲೆ, ಜೂನ್ ತಿಂಗಳಲ್ಲಿ, ಕಾಕಾನನ್ನು ಹುಡುಕಿ ಗಂಜಿಗೆ ಹೋದೆ. ಮಿಲ್ಲಿನ ಹೆಸರು ಗೊತ್ತಿರಲಿಲ್ಲ. ಒಂದೊಂದೇ ಮಿಲ್ಲಿನ ಗದ್ದಿಗೆ ಹೋಗಿ, ಏಪ್ರಿಲ್‌ನಲ್ಲಿ ಹೆಂಡತಿಯನ್ನು ಕಳೆದುಕೊಂಡ ಮುನೀಮರು ಎಂದು ಕೇಳುವುದು ಎಷ್ಟು ಕಷ್ಟ! ನಾಲ್ಕನೆಯ ಮಿಲ್ಲಿನಲ್ಲಿ ಸಿಕ್ಕರು. ತೊಗರಿ ಹೊಟ್ಟಿನ ಧೂಳು ಹುಬ್ಬಿನ ಮೇಲೆ, ಕಿವಿಗಡಚಿಕ್ಕುವ ಯಂತ್ರದ ಸದ್ದು. ಏನು ಹೇಳಬೇಕೆಂದು ರೈಲಿನಲ್ಲಿ ಇಡೀ ರಾತ್ರಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವರು ನನ್ನನ್ನು ಗುರುತಿಸಿದರು. ನೀರು ತರಿಸಿದರು. ಮೊದಲು ಕೇಳಿದ್ದು, "ತಂದೆಯವರು ಹೇಗಿದ್ದಾರೆ?" ಆಮೇಲೆ, "ಉಳಿದ ಮೂರು ಸಾಲು ತಾಳೆಯಾದವೇ?"

ಆದವು ಕಾಕಾ, ಎಂದೆ.

ಮುಂದಿನ ವರ್ಷ ಆದೇಶ ಬಂತು. ಅರ್ಜಿ ತಿರಸ್ಕೃತವಾಗಿತ್ತು, ನಮ್ಮ ಕೋಷ್ಟಕವನ್ನು ಅದರಲ್ಲಿ ಇಡಿಯಾಗಿ ಎತ್ತಿ ಬರೆದಿದ್ದರು. ಹದಿನೇಳನೆಯ ಸಾಲಿನಲ್ಲಿ 21.3, 21.4. ಆ ಪುಟವನ್ನು ಕಾಕಾನಿಗೆ ಕೊಟ್ಟಿದ್ದೇನೆ. ಮನೆಯಲ್ಲಿ ಹೆಂಡತಿಯ ಫೋಟೊದ ಹಿಂದೆ ಮಡಿಸಿ ಇಟ್ಟಿದ್ದಾರೆ. ಕೆಂಪು ಗೀಟುಗಳ ಕಾಗದ ನನ್ನ ಬಳಿ ಇದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಅವರ ಮನೆಯಲ್ಲಿ ಊಟ ಮಾಡುತ್ತೇನೆ. ಈಗ ಅವರಿಗೆ ಕಣ್ಣು ಮಂಜು. ಈ ಬರಹವನ್ನು ಮೊಮ್ಮಗಳು ಓದಿ ಹೇಳುತ್ತಾಳೆ.

ಕಾಕಾ, ಅವಳು ಇಲ್ಲಿಗೆ ಬಂದಾಗ ನೀವು ಗಮನವಿಟ್ಟು ಕೇಳಬೇಕು. ಅಂದು ಮಿಲ್ಲಿನಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ನೀವು ಒಳಗೆ ಹೋದ ಮೇಲೆ, ಆ ಅಳು ಕೇಳಿದ ಮೇಲೆ, ನನಗೆ ಆ ಕಾಗದದ ಕಡೆ ನೋಡಲಾಗಲಿಲ್ಲ. ಉಳಿದ ಮೂರು ಸಾಲನ್ನು ನೋಡದೆಯೇ ಆರೂವರೆಗೆ ಸಲ್ಲಿಸಿಬಿಟ್ಟೆ. ಎರಡು ತಿಂಗಳು ಆ ಕಡತ ತೆರೆಯಲಿಲ್ಲ. ನೀವು ಕೇಳಿದಾಗಲೂ ನೋಡಿರಲಿಲ್ಲ. ಅಂದು ರಾತ್ರಿ ಚೆನ್ನೈ ರೈಲು ವಾಡಿ ದಾಟಿದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಒಬ್ಬರೇ ತಾಳೆ ನೋಡಬಾರದು ಎಂದಿದ್ದಿರಿ. ಎದುರು ಬರ್ತಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಳು. ಕಾಗದವನ್ನು ಅವಳ ಕೈಗೆ ಕೊಟ್ಟು, ಈ ಕೆಂಪು ಗೆರೆಯ ಕೆಳಗಿನ ಮೂರು ಸಾಲು ಗಟ್ಟಿಯಾಗಿ ಓದುತ್ತೀಯಾ ತಂಗಿ ಎಂದೆ. ಅವಳು ಓದಿದಳು. ನಾನು ಕೇಳಿ ಹೇಳಲಿಲ್ಲ, ನೋಡಿ ಹೇಳಿದೆ. ಮೂರೂ ಬರೋಬ್ಬರಿ ಇದ್ದವು ಕಾಕಾ.